ಕಾರ್ಖಾನೆ ನೆಲಸುವ ನೆಲ



ಸೊರಬ ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಆನವಟ್ಟಿ ಎಂಬ ಊರಿದೆ. ಅದರ ನೆರೆಯ ಕುಬಟೂರಿನ ಕೈಟಭೇಶ್ವರ ದೇವಾಲಯವನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಆನವಟ್ಟಿಯಿಂದ ಬಡಗಲಿಗೆ ಹೊರಟರೆ ಹಾನಗಲ್ಲು, ಪಡುವಲಿಗೆ ಬನವಾಸಿ, ತೆಂಕಲಿಗೆ ಸೊರಬ, ಆಗ್ನೇಯಕ್ಕೆ ಶಿಕಾರಿಪುರದ ಸೀಮೆಗೆ ಸೇರಿದ ಶಿರಾಳಕೊಪ್ಪ. ೧೯೫೬ನೆಯ ಇಸವಿ ನವೆಂಬರ್ ೧ರ ವರೆಗೆ ಆನವಟ್ಟಿಯು ಮೈಸೂರಿಗೂ, ಹಾನಗಲ್ಲು ಮುಂಬಯಿಯ ಧಾರವಾಡ ಜಿಲ್ಲೆಗೂ ಸೇರಿದ್ದವು. ಎರಡು ಕಡೆಯೂ ಭಾಷೆ ಒಂದೇ, ಮಳೆ ಒಂದೇ, ಬೆಳೆಯೂ ಹೆಚ್ಚು ಕಡಮೆ ಒಂದೇ. ತೆರಿಗೆಯ ಕಾನೂನು ಮಾತ್ರ ಬೇರೆ. ಬಂಡವಾಳವುಳ್ಳ ಒಂದು ಕಂಪೆನಿಯವರು ಇಂಥ ಗಡಿಯ ಮೇಲೆ ನಿಂತು, ಈಚೆಗೆ ಬರೋಣವೋ ಆಚೆಗೆ ಹೋಗೋಣವೋ ಎಂದು ಯೋಚಿಸುವಾಗ, ಸರ್ಕಾರವು ತೋರಿಸುವ ರಿಯಾಯಿತಿಗೆ ಎಷ್ಟು ಬಲವಿದ್ದೀತು? ಈ ಹೊತ್ತು ತಮ್ಮೊಡನೆ ವಿಚಾರ ಮಾಡಬೇಕೆಂದಿರುವುದು ಈ ಪ್ರಶ್ನೆಯನ್ನು.

ಇದು ಕೇವಲ ಪಾಠಶಾಲೆಯ ಪ್ರಶ್ನೆಯಲ್ಲ. ಈ ಸೀಮೆಯಲ್ಲಿ ಓದಿ ಪದವಿ ಪಡೆದ ತರುಣರಲ್ಲಿ ಎಷ್ಟೋ ಮಂದಿ ಸಂಜೆಯ ಬಸ್ಸು ಹತ್ತಿ ಬೆಂಗಳೂರಿಗೆ ಬರುತ್ತಾರೆ. ಅವರ ತಂದೆತಾಯಿಗಳು, "ನಮ್ಮ ಕಡೆಗೂ ಒಂದು ಕಾರ್ಖಾನೆ ಬರಬಾರದೇ?" ಎನ್ನುತ್ತಾರೆ. ಸರ್ಕಾರದವರು ಆ ಮಾತನ್ನು ಕೇಳಿ, ಬರುವವರಿಗೆ ತೆರಿಗೆ ಬಿಡುತ್ತೇವೆ, ನೆಲ ಕೊಡುತ್ತೇವೆ, ಹಾಕಿದ ಬಂಡವಾಳದಲ್ಲಿ ಒಂದು ಪಾಲನ್ನು ಹಿಂದಕ್ಕೆ ಕೊಡುತ್ತೇವೆ ಎಂದು ಸಾರುತ್ತಾರೆ. ಹೀಗೆ ಬಿಟ್ಟ ಪ್ರತಿಯೊಂದು ರೂಪಾಯಿಯೂ ಶಾಲೆಗೋ ಆಸ್ಪತ್ರೆಗೋ ರಸ್ತೆಗೋ ಸಲ್ಲಬೇಕಾಗಿದ್ದ ಪ್ರಜೆಗಳ ರೂಪಾಯಿ. ಅದು ಸಾರ್ಥಕವಾಗಿ ವ್ಯಯವಾಗುತ್ತಿದೆಯೇ ಎಂದು ಕೇಳುವ ಹಕ್ಕು ನಮಗೆಲ್ಲರಿಗೂ ಇದೆ.

ಕಾರ್ಖಾನೆಯು ಎಲ್ಲಿ ನೆಲಸುತ್ತದೆಯೆಂಬುದನ್ನು ಶಾಸ್ತ್ರೀಯವಾಗಿ ವಿವೇಚಿಸಿದವರಲ್ಲಿ ಜರ್ಮನಿಯ ಆಲ್ಫ್ರೆಡ್ ವೇಬರ್ ಪ್ರಮುಖನು. ೧೯೦೯ರಲ್ಲಿ ಪ್ರಕಟವಾದ ಅವನ ಗ್ರಂಥದ ಮುಖ್ಯ ತತ್ತ್ವವು ಸರಳವಾದುದು. ಕಚ್ಚಾ ಪದಾರ್ಥವನ್ನು ತರುವ ಖರ್ಚು, ಸಿದ್ಧವಾದ ಸರಕನ್ನು ಸಾಗಿಸುವ ಖರ್ಚು, ಕೂಲಿಯ ಖರ್ಚು, ಇವು ಮೂರೂ ಕೂಡಿ ಎಲ್ಲಿ ಅತ್ಯಂತ ಕಡಮೆಯಾಗುವವೋ ಅಲ್ಲಿ ಕಾರ್ಖಾನೆ ನಿಲ್ಲಬೇಕು. ಅಕ್ಕಪಕ್ಕದಲ್ಲಿ ಅದೇ ಬಗೆಯ ಕೈಗಾರಿಕೆಗಳು ಗುಂಪುಗೂಡಿರುವುದರಿಂದ ಉಂಟಾಗುವ ಅನುಕೂಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೆಲಸದಲ್ಲಿ ತೂಕ ಕಳೆದುಕೊಳ್ಳುವ ಪದಾರ್ಥಗಳ ಕಾರ್ಖಾನೆಯು ಆ ಪದಾರ್ಥದ ಬಳಿಯಲ್ಲಿಯೇ ಇರುವುದು ಲೇಸು. ಭತ್ತದ ಗಿರಣಿಗಳು ಗದ್ದೆಯ ಸೀಮೆಯಲ್ಲಿ, ಕಬ್ಬಿನ ಗಾಣಗಳು ಕಬ್ಬಿನ ಸೀಮೆಯಲ್ಲಿ ಇರುವುದು ಇದೇ ಕಾರಣದಿಂದ. ಹೊಟ್ಟನ್ನೂ ಸಿಪ್ಪೆಯನ್ನೂ ನೂರು ಮೈಲಿ ಹೊತ್ತುಕೊಂಡು ಹೋಗಿ ಎಸೆಯುವವನಿಗೆ ಲಾಭವೆಲ್ಲಿಯದು?

ಈ ಲೆಕ್ಕದಲ್ಲಿ ತೆರಿಗೆಯ ಸ್ಥಾನವು ಕೊನೆಯಲ್ಲಿ ಬರುತ್ತದೆ. ಎರಡು ಸ್ಥಳಗಳು ಬೇರೆ ಎಲ್ಲ ವಿಷಯಗಳಲ್ಲಿಯೂ ಸರಿಸಮನಾಗಿದ್ದರೆ ರಿಯಾಯಿತಿಯು ತಕ್ಕಡಿಯನ್ನು ಒಂದು ಕಡೆಗೆ ಬಾಗಿಸುತ್ತದೆ. ನೀರು, ವಿದ್ಯುತ್ತು, ದಾರಿ, ಕೆಲಸ ಬಲ್ಲ ಕೈ, ಇವಿಲ್ಲದ ಕಡೆ ಎಷ್ಟು ದೊಡ್ಡ ರಿಯಾಯಿತಿಯನ್ನು ತೋರಿಸಿದರೂ ಬುದ್ಧಿವಂತನಾದ ವ್ಯಾಪಾರಿಯು ಬರುವುದಿಲ್ಲ. ಬಂದವನು ರಿಯಾಯಿತಿಯ ಅವಧಿ ಮುಗಿದೊಡನೆ ಹೊರಡುವನು.

ನಮ್ಮ ಹಳೆಯ ಮೈಸೂರಿನ ಚರಿತ್ರೆಯು ಈ ಮಾತಿಗೆ ಸಾಕ್ಷಿಯಾಗಿದೆ. ೧೯೦೨ರಲ್ಲಿ ಶಿವಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಜಮ್ಷೆಟ್ಜಿ ಟಾಟಾ ಅವರ ವಿಜ್ಞಾನ ಸಂಸ್ಥೆಗೆ ಸ್ಥಳವನ್ನು ಹುಡುಕುತ್ತಿದ್ದಾಗ ಸರ್ ವಿಲಿಯಂ ರ್‍ಯಾಮ್ಸೆ ಬೆಂಗಳೂರನ್ನು ಸೂಚಿಸಿದರು. ಮೈಸೂರು ಸರ್ಕಾರವು ೩೭೧ ಎಕರೆ ನೆಲವನ್ನು ಕೊಟ್ಟಿತು. ೧೯೦೯ರಲ್ಲಿ ಸಂಸ್ಥೆ ಸ್ಥಾಪಿತವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ನಮ್ಮ ಶ್ರೀಗಂಧವು ಜರ್ಮನಿಗೆ ಹೋಗುವುದು ನಿಂತುಹೋದಾಗ, ಇಲ್ಲಿಯೇ ಎಣ್ಣೆ ತೆಗೆಯುವ ವಿಧಾನವು ಆ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು. ೧೯೧೬ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಬಳಿಕ ಮೈಸೂರಿನಲ್ಲಿ ಒಂದು, ೧೯೪೪ರಲ್ಲಿ ಶಿವಮೊಗ್ಗದಲ್ಲಿ ಒಂದು. ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಮನೆತನಗಳಿರುವ ಸೊರಬ ಸಾಗರಗಳ ಜಿಲ್ಲೆಗೆ ಆ ಕಾರ್ಖಾನೆ ಬಂದದ್ದು ಕಚ್ಚಾ ಪದಾರ್ಥದ ಬಳಿಗೆ ಬಂದಂತೆ.

ಭದ್ರಾವತಿಯ ವಿಷಯವೂ ಹೀಗೆಯೇ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಲು, ಭದ್ರಾನದಿಯ ನೀರು, ಇವು ಮೂರೂ ಸುಲಭವಾಗಿ ಕೂಡುವ ಸ್ಥಳವದು. ಅಲ್ಲಿ ೧೯೨೩ರಲ್ಲಿ ಕಬ್ಬಿಣ ಕರಗಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ೧೯೧೨ರಿಂದ ೧೯೧೮ರ ವರೆಗಿನ ಅವಧಿಯಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆ ಹುಟ್ಟಿತು, ೧೯೧೩ರಲ್ಲಿ ಮೈಸೂರು ಬ್ಯಾಂಕು ತೆರೆಯಿತು. ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ೧೯೩೩ರಲ್ಲಿ ಮಂಡ್ಯದ ಸಕ್ಕರೆಯ ಕಂಪೆನಿಯೂ ೧೯೩೬ರಲ್ಲಿ ಭದ್ರಾವತಿಯ ಕಾಗದದ ಕಂಪೆನಿಯೂ ಸ್ಥಾಪನೆಯಾದವು. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಆರಂಭಿಸಿದಾಗ ಮೈಸೂರು ಸರ್ಕಾರವು ಪಾಲುದಾರನಾಗಿ ಸೇರಿತು. ೧೯೪೨ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಶಾಸ್ತ್ರದ ವಿಭಾಗ ಏರ್ಪಟ್ಟಿತು. ಈ ಎಲ್ಲ ಉದಾಹರಣೆಗಳಲ್ಲಿಯೂ ಸರ್ಕಾರವು ಬಿಟ್ಟ ತೆರಿಗೆಗಿಂತ ಕಟ್ಟಿದ ಅಣೆಕಟ್ಟು, ತೆಗೆದ ಶಾಲೆ, ಹಾಕಿದ ಷೇರು ದೊಡ್ಡದು.

ಇನ್ನೊಂದು ನಿದರ್ಶನವು ನಮ್ಮ ಉತ್ತರದ ಸೀಮೆಯದು. ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಬೈಸಿಕಲ್ಲಿನ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲನ್ನೂ ಮೇವು ಕತ್ತರಿಸುವ ಯಂತ್ರವನ್ನೂ ಮಾಡಲು ಹೊರಟವರು. ಊರು ಬೆಳೆಯುತ್ತಿದ್ದುದರಿಂದ ಅವರು ಇದ್ದ ಜಾಗವನ್ನು ಬಿಡಬೇಕಾಯಿತು. ಆಗ ಔಂಧ್ ಎಂಬ ಸಣ್ಣ ಸಂಸ್ಥಾನದ ದೊರೆಯು ನೆಲವನ್ನೂ ಸಾಲವನ್ನೂ ಕೊಟ್ಟನು. ೧೯೧೦ರಲ್ಲಿ ರೈಲು ನಿಲ್ದಾಣದ ಬಳಿಯ ಬರಡು ಭೂಮಿಯಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಒಂದು ದೊಡ್ಡ ಪ್ರಾಂತ್ಯವು ಕಳೆದುಕೊಂಡುದನ್ನು ಒಂದು ಸಣ್ಣ ಸಂಸ್ಥಾನವು ಪಡೆಯಿತು. ಮೂವತ್ತು ವರ್ಷಗಳ ಮೇಲೆ ಅದೇ ಮನೆತನದವರು ಯಂತ್ರೋಪಕರಣಗಳ ಕಾರ್ಖಾನೆಗಾಗಿ ಮೈಸೂರು ಸೀಮೆಯ ಹರಿಹರಕ್ಕೆ ಬಂದರು. ೧೯೪೧ರಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಹರಿಹರವೂ ಆನವಟ್ಟಿಯಂತೆ ಗಡಿಯ ಊರೇ. ತುಂಗಭದ್ರೆಯ ಆಚೆಯ ದಡವು ಮುಂಬಯಿ ಪ್ರಾಂತ್ಯ. ಆದರೆ ಹರಿಹರಕ್ಕೆ ಪುಣೆ ಬೆಂಗಳೂರುಗಳ ರೈಲ್ವೆ ಇತ್ತು, ಹೊಳೆಯಿತ್ತು, ಮೈಸೂರಿನ ವಿದ್ಯುತ್ತಿತ್ತು, ಭದ್ರಾವತಿಯ ಕಬ್ಬಿಣವು ಸಮೀಪದಲ್ಲಿತ್ತು. ಆನವಟ್ಟಿಗೆ ಇವುಗಳಲ್ಲಿ ಯಾವುದೂ ಇರಲಿಲ್ಲ. ಒಂದೇ ಸರ್ಕಾರದ, ಒಂದೇ ಗಡಿಯ ಮೇಲಿನ ಎರಡು ಊರುಗಳ ಭಾಗ್ಯದಲ್ಲಿ ಉಂಟಾದ ಅಂತರಕ್ಕೆ ಕಾರಣವು ತೆರಿಗೆಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈಗಿನ ಸ್ಥಿತಿಯನ್ನು ನೋಡೋಣ. ಕಂಪೆನಿಯ ಲಾಭದ ಮೇಲಣ ತೆರಿಗೆಯು ಕೇಂದ್ರ ಸರ್ಕಾರದ್ದು. ಆನವಟ್ಟಿಯಲ್ಲಿದ್ದರೂ ಅಹಮದಾಬಾದಿನಲ್ಲಿದ್ದರೂ ಅದರ ದರ ಒಂದೇ. ರಾಜ್ಯಗಳ ಕೈಯಲ್ಲಿ ಹಿಂದೆ ಇದ್ದ ದೊಡ್ಡ ಆಯುಧವೆಂದರೆ ಮಾರಾಟ ತೆರಿಗೆ. ಒಬ್ಬರು ಐದು ವರ್ಷ ಬಿಟ್ಟರೆ ಇನ್ನೊಬ್ಬರು ಹತ್ತು ವರ್ಷ ಬಿಡುತ್ತಿದ್ದರು. ಈ ಪೈಪೋಟಿಯಲ್ಲಿ ಎಲ್ಲರ ಬೊಕ್ಕಸವೂ ಬರಿದಾಗುವುದನ್ನು ಕಂಡು, ೧೯೯೯ರ ನವೆಂಬರಿನಲ್ಲಿ ರಾಜ್ಯಗಳೆಲ್ಲ ಸೇರಿ, ದರದ ಕೆಳಮಿತಿಯೊಂದನ್ನು ಪಾಲಿಸುವುದಾಗಿಯೂ ಇಂಥ ವಿನಾಯಿತಿಗಳನ್ನು ನಿಲ್ಲಿಸುವುದಾಗಿಯೂ ಒಪ್ಪಿಕೊಂಡವು. ೨೦೧೭ರ ಜುಲೈ ೧ರಿಂದ ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಆ ಆಯುಧವು ಇನ್ನಷ್ಟು ಮೊಂಡಾಯಿತು. ಈ ಹೊಸ ತೆರಿಗೆಯಲ್ಲಿ ರಾಜ್ಯದ ಪಾಲು ಸಲ್ಲುವುದು ಸರಕನ್ನು ತಯಾರಿಸಿದ ರಾಜ್ಯಕ್ಕಲ್ಲ, ಉಪಯೋಗಿಸಿದ ರಾಜ್ಯಕ್ಕೆ. ಆನವಟ್ಟಿಯಲ್ಲಿ ಮಾಡಿದ ಹಣ್ಣಿನ ರಸವು ಮದರಾಸಿನಲ್ಲಿ ಮಾರಾಟವಾದರೆ ಆ ಪಾಲು ತಮಿಳುನಾಡಿಗೆ ಸೇರುತ್ತದೆ. ಕಾರ್ಖಾನೆ ಬಂದೊಡನೆ ತೆರಿಗೆಯಿಂದ ಬೊಕ್ಕಸ ತುಂಬುವುದೆಂಬ ಹಳೆಯ ನಂಬಿಕೆಯು ಈಗ ಅರ್ಧ ಮಾತ್ರ ನಿಜ. ರಾಜ್ಯಕ್ಕೆ ಉಳಿಯುವ ನಿಶ್ಚಿತವಾದ ಲಾಭವು ಕೂಲಿ, ಕೌಶಲ ಮತ್ತು ಸುತ್ತಣ ರೈತನಿಗೆ ದೊರೆಯುವ ಬೆಲೆ.

ಹೀಗಿರುವಲ್ಲಿ ರಾಜ್ಯಗಳು ಈಗ ಬೇರೆ ಬಗೆಯ ಕೊಡುಗೆಗಳನ್ನು ಮುಂದಿಡುತ್ತವೆ: ಬಂಡವಾಳದ ಮೇಲೆ ಸಹಾಯಧನ, ಮುದ್ರಾಂಕ ಶುಲ್ಕದ ಮಾಫಿ, ವಿದ್ಯುತ್ತಿನ ಮೇಲಣ ತೆರಿಗೆಯ ಮಾಫಿ, ನೆಲದ ಬೆಲೆಯಲ್ಲಿ ಸೋಡಿ. ಕರ್ನಾಟಕದ ೨೦೨೫ರಿಂದ ೨೦೩೦ರ ವರೆಗಿನ ಕೈಗಾರಿಕಾ ನೀತಿಯು ೨೦೨೫ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ೭.೫ ಲಕ್ಷ ಕೋಟಿ ರೂಪಾಯಿಗಳ ಬಂಡವಾಳ ಮತ್ತು ೨೦ ಲಕ್ಷ ಉದ್ಯೋಗಗಳು ಅದರ ಗುರಿ. ರಾಜ್ಯವನ್ನು ಮೂರು ವಲಯಗಳಾಗಿ ವಿಂಗಡಿಸಿ, ಬೆಂಗಳೂರಿನ ನಗರ ಗ್ರಾಮಾಂತರ ಜಿಲ್ಲೆಗಳನ್ನು ಮೂರನೆಯದರಲ್ಲಿಟ್ಟು, ಹಿಂದುಳಿದ ತಾಲ್ಲೂಕುಗಳಿಗೆ ಹೆಚ್ಚಿನ ಕೊಡುಗೆಯನ್ನು ಅದು ಹೇಳಿದೆ. ಈ ಉದ್ದೇಶವು ಸಾಧುವಾದುದು. ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ, ಆಗಿನ ೧೭೫ ತಾಲ್ಲೂಕುಗಳಲ್ಲಿ ೧೧೪ ಹಿಂದುಳಿದವೆಂದು ತೋರಿಸಿಕೊಟ್ಟಿತು. ಮೂರರಲ್ಲಿ ಎರಡು ಪಾಲಿನಷ್ಟು ನಾಡನ್ನು ಹಿಂದೆ ಬಿಟ್ಟು ಒಂದು ನಗರವು ಮುಂದೆ ಓಡುವುದು ನಗರಕ್ಕೂ ಕ್ಷೇಮವಲ್ಲ. ಬೆಂಗಳೂರಿನಲ್ಲಿ ವಾಸಿಸುವ ಶ್ರೋತೃಗಳಿಗೆ ನೀರಿನ ಕಷ್ಟವನ್ನೂ ಬೀದಿಯ ಇಕ್ಕಟ್ಟನ್ನೂ ನಾನು ಬಣ್ಣಿಸಬೇಕಾಗಿಲ್ಲ.

ನೆರೆಹೊರೆಯ ಪೈಪೋಟಿ ಮಾತ್ರ ನಿಂತಿಲ್ಲ. ೨೦೨೫ರ ಏಪ್ರಿಲಿನಲ್ಲಿ ಆಂಧ್ರ ಸರ್ಕಾರವು ವಿಶಾಖಪಟ್ಟಣದಲ್ಲಿ ೨೧.೧೬ ಎಕರೆ ನೆಲವನ್ನು ೯೯ ಪೈಸೆಗೆ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಕಂಪೆನಿಗೆ ಕೊಡಲು ಒಪ್ಪಿತು. ಅದೇ ವರ್ಷ ಜುಲೈ ೧೫ರಂದು, ರೈತರ ದೀರ್ಘವಾದ ಪ್ರತಿಭಟನೆಯ ತರುವಾಯ, ಕರ್ನಾಟಕ ಸರ್ಕಾರವು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ೧,೭೭೭ ಎಕರೆ ಭೂಸ್ವಾಧೀನವನ್ನು ಕೈಬಿಟ್ಟಿತು. ಒಡನೆಯೇ ಆಂಧ್ರದ ಮಂತ್ರಿಯೊಬ್ಬರು, ವಿಮಾನೋದ್ಯಮದವರು ತಮ್ಮಲ್ಲಿಗೆ ಬರಬಹುದೆಂದು ಬಹಿರಂಗವಾಗಿ ಆಹ್ವಾನವಿತ್ತರು. ಇದನ್ನು ಕಂಡು ಕೆಲವರು ಗಾಬರಿಯಾದರು. ಆದರೆ ಉಳುವವನ ಒಪ್ಪಿಗೆಯಿಲ್ಲದೆ ಪಡೆದ ನೆಲವು ಕಂಪೆನಿಗೂ ಅಗ್ಗದ ನೆಲವಲ್ಲ. ೨೦೦೮ರಲ್ಲಿ ಟಾಟಾ ಅವರ ಸಣ್ಣ ಮೋಟಾರು ಕಾರಿನ ಕಾರ್ಖಾನೆಯು ಬಂಗಾಳದ ಸಿಂಗೂರಿನಿಂದ ಗುಜರಾತಿನ ಸಾಣಂದಕ್ಕೆ ಹೋದ ಕಥೆ ಎಲ್ಲರಿಗೂ ತಿಳಿದದ್ದೇ. ಅರ್ಧ ಕಟ್ಟಿದ ಕಟ್ಟಡವನ್ನು ಬಿಟ್ಟು ಹೋಗುವ ನಷ್ಟವನ್ನು ಯಾವ ಸಹಾಯಧನವೂ ತುಂಬಿಕೊಡಲಾರದು.

ಇನ್ನು ಆನವಟ್ಟಿಗೆ ಮರಳೋಣ. ಈ ಜೋಡಿ ತಾಲ್ಲೂಕುಗಳು ರಾಜ್ಯಕ್ಕೆ ಮುಖ್ಯಮಂತ್ರಿಗಳನ್ನು ಕೊಟ್ಟಿವೆ, ಶ್ರೀ ಎಸ್. ಬಂಗಾರಪ್ಪನವರು ಕುಬಟೂರಿನವರು, ಶ್ರೀ ಬಿ. ಎಸ್. ಯಡಿಯೂರಪ್ಪನವರು ಶಿಕಾರಿಪುರದಿಂದ ಆರಿಸಿಬಂದವರು. ಆದುದರಿಂದ ಅಧಿಕಾರದ ಬಳಿಗೆ ಈ ಸೀಮೆಯ ಕೂಗು ಮುಟ್ಟಲಿಲ್ಲವೆಂದು ಹೇಳುವಂತಿಲ್ಲ. ೨೦೨೩ರ ಫೆಬ್ರವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಆನವಟ್ಟಿಗೆ ಮಾತ್ರ ಇಂದಿಗೂ ರೈಲಿಲ್ಲ; ಬೆಂಗಳೂರು ಹುಬ್ಬಳ್ಳಿಗಳ ದೊಡ್ಡ ಮಾರ್ಗವನ್ನು ಸೇರಬೇಕಾದರೆ ಹಾವೇರಿಗೆ ಹೋಗಬೇಕು. ಕಬ್ಬಿಣ, ಮೋಟಾರು, ವಿಮಾನ, ಇವುಗಳ ಕಾರ್ಖಾನೆಯನ್ನು ಈ ಸ್ಥಳಕ್ಕೆ ಹಣ ಕೊಟ್ಟು ಎಳೆದು ತರುವುದು ಹೊಳೆಯನ್ನು ಗುಡ್ಡಕ್ಕೆ ಹತ್ತಿಸಿದಂತೆ.

ಆದರೆ ಇಲ್ಲಿಯ ನೆಲವು ತಾನೇ ಕರೆಯುವ ಕೈಗಾರಿಕೆಯೊಂದಿದೆ. ಬನವಾಸಿ ಸೊರಬಗಳ ಸೀಮೆಯಲ್ಲಿ ಭತ್ತ, ಅಡಕೆ, ಮುಸುಕಿನ ಜೋಳ, ಶುಂಠಿ, ಅನಾನಸು ಬೆಳೆಯುತ್ತವೆ. ಅನಾನಸನ್ನು ನೋಡಿ: ಜುಟ್ಟು, ಸಿಪ್ಪೆ, ದಿಂಡು ಕಳೆದರೆ ತೂಕದ ಬಹುಪಾಲು ಹೋಗುತ್ತದೆ, ಹಣ್ಣಾದ ಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲ. ವೇಬರನ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. ಬೆಲೆ ಕುಸಿದ ವಾರದಲ್ಲಿ ಹಣ್ಣು ಹೊಲದಲ್ಲಿಯೇ ಕೊಳೆಯದಂತೆ ಮಾಡಲು ಹತ್ತಿರದಲ್ಲಿಯೇ ರಸ ತೆಗೆಯುವ, ಹೋಳು ಮಾಡಿ ಡಬ್ಬಿಗೆ ತುಂಬುವ, ತಂಪಿನಲ್ಲಿಡುವ ಏರ್ಪಾಡು ಬೇಕು. ೨೦೨೦ರಲ್ಲಿ ಆರಂಭವಾದ ಕೇಂದ್ರದ ಕಿರು ಆಹಾರೋದ್ಯಮಗಳ ಯೋಜನೆಯಲ್ಲಿ ಜಿಲ್ಲೆಗೊಂದು ಪದಾರ್ಥವನ್ನು ಆರಿಸುವಾಗ ಶಿವಮೊಗ್ಗಕ್ಕೆ ಅನಾನಸೇ ನಿಶ್ಚಯವಾಯಿತು. ವೆಚ್ಚದಲ್ಲಿ ನೂರಕ್ಕೆ ೩೫ರಂತೆ, ೧೦ ಲಕ್ಷ ರೂಪಾಯಿ ಮೀರದಂತೆ, ಆ ಯೋಜನೆಯು ಸಹಾಯಧನವನ್ನು ಗೊತ್ತುಮಾಡಿತು. ನಮ್ಮ ರಾಜ್ಯವು ತನ್ನ ಪಾಲನ್ನು ಸೇರಿಸಿ ಅದನ್ನು ನೂರಕ್ಕೆ ೫೦ಕ್ಕೆ, ಅಂದರೆ ಹೆಚ್ಚೆಂದರೆ ೧೫ ಲಕ್ಷಕ್ಕೆ ಏರಿಸಿತು.

ಇಲ್ಲಿ ಒಂದು ಊಹೆಯ ಲೆಕ್ಕವನ್ನು ಮಾಡೋಣ. ಹೊರಗಿನ ಒಂದು ಕಂಪೆನಿಯು ೨೦ ಕೋಟಿ ರೂಪಾಯಿ ಹಾಕಿ, ೮೦ ಜನರಿಗೆ ಕೆಲಸ ಕೊಟ್ಟು, ನೂರಕ್ಕೆ ೨೦ರಂತೆ ಸಹಾಯಧನ ಪಡೆಯಿತೆಂದು ಭಾವಿಸಿದರೆ, ಪ್ರಜೆಗಳು ಕೊಟ್ಟದ್ದು ೪ ಕೋಟಿ. ಒಂದೊಂದು ಕೆಲಸಕ್ಕೆ ೫ ಲಕ್ಷ. ಅದೇ ೪ ಕೋಟಿಯಲ್ಲಿ ೧೫ ಲಕ್ಷದಂತೆ ೨೬ ಸಣ್ಣ ಘಟಕಗಳಿಗೆ ಸಹಾಯ ಮಾಡಬಹುದು. ಒಂದೊಂದರಲ್ಲಿ ಐದೇ ಜನರಿದ್ದರೂ ೧೩೦ ಜನರಿಗೆ ಕೆಲಸ. ಸಣ್ಣದೆಲ್ಲವೂ ಮೇಲು, ದೊಡ್ಡದೆಲ್ಲವೂ ಕೀಳು ಎಂದು ಇದರಿಂದ ಸಿದ್ಧವಾಗುವುದಿಲ್ಲ. ದೊಡ್ಡ ಕಾರ್ಖಾನೆಯು ಹೊಸ ಕೌಶಲವನ್ನು ತರಬಲ್ಲುದು, ದೂರದ ಪೇಟೆಯನ್ನು ತೆರೆಯಬಲ್ಲುದು. ಸಣ್ಣ ಘಟಕಗಳಲ್ಲಿ ಕೆಲವು ಮೊದಲ ವರ್ಷಗಳಲ್ಲಿಯೇ ಮುಗ್ಗರಿಸಲೂಬಹುದು. ಆದರೆ ಇಂಥ ಲೆಕ್ಕವನ್ನು ಹಾಕದೆ ರಿಯಾಯಿತಿಯನ್ನು ಕೊಡಕೂಡದು.

ಕಾರ್ಖಾನೆಗಳು ಬರುವಂತೆ ಹೋಗುವುದೂ ಉಂಟೆಂಬುದನ್ನು ಮರೆಯಬಾರದು. ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯು ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ೨೦೧೦ರ ಬಳಿಕದ ದಶಕದಲ್ಲಿ ಉತ್ಪಾದನೆ ನಿಂತಿತು. ಆ ಊರುಗಳಲ್ಲಿ ಕೆಲಸಗಾರರ ವಸತಿಗಳ ಮುಂದೆ ನಡೆದುಹೋದವರಿಗೆ ಒಂದು ಕಂಪೆನಿಯನ್ನೇ ನಂಬಿದ ಊರಿನ ಕಷ್ಟವು ತಿಳಿಯುತ್ತದೆ. ಕಂಪೆನಿ ಹೋದ ಮೇಲೂ ಊರಿನಲ್ಲಿ ಏನು ಉಳಿಯುತ್ತದೆ? ರಸ್ತೆ, ವಿದ್ಯುತ್ತು, ಕಸುಬಿನ ಶಾಲೆ, ಕೆಲಸ ಕಲಿತ ಕೈ ಉಳಿಯುತ್ತವೆ. ಬಿಟ್ಟುಕೊಟ್ಟ ತೆರಿಗೆ ಉಳಿಯುವುದಿಲ್ಲ. ಆದಕಾರಣ ಸರ್ಕಾರದ ಹಣವು ಮೊದಲು ಉಳಿಯುವ ವಸ್ತುಗಳಿಗೆ ಸಲ್ಲಲಿ, ಮಿಕ್ಕದ್ದು ರಿಯಾಯಿತಿಗೆ.

ರಿಯಾಯಿತಿಯನ್ನು ಕೊಡುವಾಗ ಯಾವ ಕ್ರಮದಲ್ಲಿ ಕೊಡಬೇಕೆಂಬುದಕ್ಕೆ ಇದೇ ಸೀಮೆಯಲ್ಲಿ ಒಂದು ಹಳೆಯ ಮೇಲ್ಪಂಕ್ತಿಯಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಚಾಲುಕ್ಯರ ಕಾಲದಲ್ಲಿ ದೊಡ್ಡ ವರ್ತಕರ ಪಟ್ಟಣ. ಬನವಾಸಿ ನಾಡಿನ ಶಾಸನಗಳಲ್ಲಿ ಹೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಸುಂಕಗಳ ಹೆಸರುಗಳು ಬರುತ್ತವೆ. ಇಂಥ ಸುಂಕದ ಹುಟ್ಟುವಳಿಯನ್ನು ಬಿಟ್ಟುಕೊಡುವಾಗ ಯಾವ ಸುಂಕವನ್ನು, ಯಾರಿಗೆ, ಯಾವ ಕಾರ್ಯಕ್ಕಾಗಿ ಎಂಬುದನ್ನು ಕಲ್ಲಿನಲ್ಲಿ ಬರೆಯಿಸಿ ಎಲ್ಲರೂ ಕಾಣುವ ಸ್ಥಳದಲ್ಲಿ ನಿಲ್ಲಿಸುತ್ತಿದ್ದರು; ಮಾತಿಗೆ ತಪ್ಪಿದವನಿಗೆ ಶಾಪವನ್ನೂ ಕೆತ್ತಿಸುತ್ತಿದ್ದರು. ಶಾಪದ ಕಾಲವು ಹೋಯಿತು. ಆದರೆ ಕೊಟ್ಟ ಮೊಬಲಗೆಷ್ಟು, ಪ್ರತಿಯಾಗಿ ದೊರೆತ ಉದ್ಯೋಗಗಳೆಷ್ಟು, ಅವುಗಳಲ್ಲಿ ಸ್ಥಳೀಯರ ಪಾಲೆಷ್ಟು, ಅವಧಿ ಮುಗಿದ ಮೇಲೆ ಕಂಪೆನಿಯು ಉಳಿಯಿತೇ, ಎಂಬ ನಾಲ್ಕು ಬಾಬುಗಳನ್ನು ತಾಲ್ಲೂಕುವಾರು ಅಚ್ಚುಹಾಕಿಸಿ ಪ್ರತಿವರ್ಷವೂ ಪಂಚಾಯಿತಿಯ ಗೋಡೆಗೆ ಅಂಟಿಸುವುದಕ್ಕೆ ಏನು ಅಡ್ಡಿ? ಆ ಕಾಗದವನ್ನು ಓದಿದ ಆನವಟ್ಟಿಯ ಗೃಹಸ್ಥನು ತನ್ನ ಮಗನನ್ನು ಬಸ್ಸಿಗೆ ಹತ್ತಿಸಬೇಕೋ ಊರಿನಲ್ಲಿಯೇ ನಿಲ್ಲಿಸಿಕೊಳ್ಳಬಹುದೋ ಎಂದು ತಾನೇ ನಿರ್ಣಯಿಸಿಕೊಳ್ಳುವನು.